ಹತ್ತನೇ ಪಿನ್ ಕೊನೆಗೂ ಬಿತ್ತು: ಸಂಜೆ ಲೇನಿಗೆ ಸಿಕ್ಕ ಬಾಲ್

ಸಿಕ್ಕಿತು! ಟೆನ್‌ಪಿನ್ ಬೌಲಿಂಗಿನಲ್ಲಿ ಮಳೆಗಾಲ ಶುರುವಾದಾಗಿನಿಂದ ತಲೆ ತಿನ್ನುತ್ತಿದ್ದ, ಒಂಬತ್ತು ಪಿನ್ ಬಿದ್ದರೂ ಸೋತ ಬಾಲಿಗೆ ಹತ್ತನೆಯದು ಬೀಳದ ಫ್ಲ್ಯಾಟ್ ಟೆನ್‌ಗೆ ಮದ್ದು ಸಿಕ್ಕಿದೆ. ಹೊಸ ಬಾಲ್ ಕೊಳ್ಳಲಿಲ್ಲ. ಚೀಲದಲ್ಲಿ ಮಿರಮಿರ ಹೊಳೆಯುತ್ತಾ ಕೂತಿದ್ದ ಪರ್ಲ್ ಬಾಲಿನ (ಹೊರಪದರದಲ್ಲಿ ಮಿನುಗು ಬೆರೆಸಿದ, ಲೇನನ್ನು ತಡವಾಗಿ ಹಿಡಿಯುವ ಬಾಲ್) ಪಾಲಿಶ್ ಕಿತ್ತು ಹಾಕಿದೆ, ಅಷ್ಟೇ. ಬೆಂಗಳೂರಿನಲ್ಲಿ ಸಂಜೆ ಹೊತ್ತು ಲೀಗ್ ಆಡುವವರಿಗೆಲ್ಲ ಇದೇ ಕಾಟ ಇರುವುದರಿಂದ ವಿವರವಾಗಿ ಬರೆಯುತ್ತಿದ್ದೇನೆ. ಬೆರಳು ಹಾಕುವ ತೂತುಗಳ ಅಳತೆ ಯಾವುದೂ ಈ ಸಲ ತಂಟೆ ಮಾಡಲಿಲ್ಲ, ಅವನ್ನೆಲ್ಲ ಬಿಟ್ಟಿದ್ದೇನೆ.

ಚೀಲದಲ್ಲಿ ಈಗ ಇರುವವು: ಬೇಗ ಹಿಡಿಯುವ ಸಾಲಿಡ್ ಕವರಿನ (ಹೊರಪದರದ) ಫೇಸ್ 2, ಸಾಲಿಡ್ ಮತ್ತು ಪರ್ಲ್ ಬೆರೆತ ಹೈಬ್ರಿಡ್ ಕವರಿನ ಹೈ-ರೋಡ್, ಆ ಪರ್ಲ್, ಸ್ಪೇರಿಗೆ (ಮೊದಲ ಎಸೆತದಲ್ಲಿ ಉಳಿದ ಪಿನ್ ಕೆಡವಲು) ಪಾಲಿಯೆಸ್ಟರ್ ವೈಟ್ ಡಾಟ್. ಎಲ್ಲವೂ 15 ಪೌಂಡ್. ನಾನು ಬಲಗೈ, ರೆವ್ಸ್ (ಬಾಲ್ ಸುತ್ತುವ ವೇಗ) ಮಧ್ಯಮ. ಎಡಗೈಯವರು ಬೋರ್ಡ್ (ಲೇನಿನ ಉದ್ದಕ್ಕೂ ಇರುವ ಪಟ್ಟಿ) ಸಂಖ್ಯೆಗಳನ್ನು ತಿರುಗಿಸಿ ಓದಿಕೊಳ್ಳಿ. ನಿಮ್ಮ ಕಡೆ ಲೇನ್ ಇಷ್ಟು ಬೇಗ ಕೆಡುವುದಿಲ್ಲ ಅನ್ನೋದು ಬೇರೆ ಮಾತು.

ಸಮಸ್ಯೆ ಏನೆಂದರೆ, ಬೆಳಿಗ್ಗೆ ಲೇನಿನ ಮುಂಭಾಗಕ್ಕೆ ಆಯಿಲ್ ಹಾಕಿದ ಕೂಡಲೇ ಆಡಿದರೆ ಹೈ-ರೋಡ್ ಬಲು ಸೊಗಸಾದ ಬಾಲ್. ಬ್ರೇಕ್‌ಪಾಯಿಂಟಿಗೆ ಹೋಗುತ್ತದೆ, ಅಲ್ಲಿ ತಿರುಗುತ್ತದೆ, ಪಾಕೆಟಿಗೆ (ಒಂದನೇ, ಮೂರನೇ ಪಿನ್ನುಗಳ ನಡುವಿಗೆ) ಹೊಡೆಯುತ್ತದೆ, ಹತ್ತೂ ಬೀಳುತ್ತವೆ. ಅದೇ ಲೇನು, ಅದೇ ಬಾಲು, ಅದೇ ಕೈ. ಸಂಜೆ ಲೀಗಿನ ಎರಡನೇ ಗೇಮಿಗೆ ಬರುವಷ್ಟರಲ್ಲಿ ಪಾಕೆಟ್ ಸಿಗುತ್ತದೆ, ಒಂಬತ್ತು ಬೀಳುತ್ತವೆ, ಹತ್ತನೇ ಪಿನ್ ಮಾತ್ರ ಊಟ ಮುಗಿದರೂ ಹೊರಡದ ನೆಂಟನ ಹಾಗೆ ನಿಂತೇ ಇರುತ್ತದೆ.

ಅದು ನಿಲ್ಲುವ ಬಗೆಯನ್ನು ನೋಡಬೇಕು. ಆರನೇ ಪಿನ್ ರಭಸವಾಗಿ ಹಾರಿ ಹತ್ತರ ಕುತ್ತಿಗೆ ಬಳಸಿ ಹೋದರೆ ಅದು ರಿಂಗಿಂಗ್ ಟೆನ್. ಬಾಲಿನಲ್ಲಿ ಶಕ್ತಿ ಇದೆ, ಕೋನ ಕೂದಲೆಳೆಯಷ್ಟು ತಪ್ಪಿದೆ ಎಂದರ್ಥ. ನನ್ನ ಆರನೇ ಪಿನ್ ಹಾಗೆ ಹಾರುತ್ತಿರಲಿಲ್ಲ. ಸೋತು ಸುಣ್ಣವಾಗಿ ಪಕ್ಕದ ಗಟರಿಗೆ ಉರುಳಿ, ಹತ್ತರ ಮುಂದೆಯೇ ಮಲಗುತ್ತಿತ್ತು. ಬಾಲ್ ಪಿನ್ನುಗಳ ಹತ್ತಿರ ಬರುವ ಮೊದಲೇ ಹುಕ್ (ಪಕ್ಕಕ್ಕೆ ತಿರುಗುವುದು) ಮುಗಿಸಿ, ಉರುಳುವ ಹಂತಕ್ಕೆ ಇಳಿದು, ಸತ್ತುಹೋಗಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಯಾರನ್ನು ಕೇಳಿದರೂ ಒಂದೇ ಸಲಹೆ: ಲೇನ್ ಒಣಗಿದೆ, ಎಡಕ್ಕೆ ಸರಿ, ಹೊಳೆಯುವ ಬಾಲ್ ತೆಗೆ. ಅಮೆರಿಕದ ವಿಡಿಯೊಗಳೆಲ್ಲ ಹೇಳುವುದೂ ಇದನ್ನೇ. ಸರಿ ಎಂದು ಪರ್ಲ್ ತೆಗೆದೆ. ಮುಂಭಾಗವನ್ನು ಸೊಗಸಾಗಿ ದಾಟಿತು. ಆಮೇಲೆ ತಿರುಗಬೇಕಾದ ಜಾಗದಲ್ಲಿ ತಿರುಗದೆ ಹಾಗೇ ಜಾರಿತು, ಮೊದಲ ಪಿನ್ನೂ ಸೇರಿ ಚದುರಿ ನಿಂತ 1-2-10 ವಾಶ್‌ಔಟ್. ಇನ್ನೊಬ್ಬರು ತದ್ವಿರುದ್ಧ ಹೇಳಿದರು: ಹಿಂಭಾಗ ಜಾರುತ್ತಿದೆ, ಬಲವಾದ ಬಾಲ್ ಬೇಕು. ಫೇಸ್ 2 ತೆಗೆದೆ. ಅದರ ಆರ್‌ಜಿ 2.48, ಹೈ-ರೋಡಿನದು 2.57 (ಬಾಲಿನ ತೂಕ ನಡುವಿನಿಂದ ಎಷ್ಟು ದೂರ ಹರಡಿದೆ ಎಂಬ ಅಳತೆ, ಕಡಿಮೆಯಿದ್ದಷ್ಟು ಬೇಗ ಉರುಳುತ್ತದೆ). ಮೊದಲೇ ಬೇಗ ಉರುಳಲು ಶುರುಮಾಡುವ ಕೋರ್ (ಒಳಗಿನ ತಿರುಳು), ಮೇಲೆ ಮಂಕು ಸಾಲಿಡ್ ಕವರ್. ಆರೋ (ಲೇನಿನ ಮೇಲಿನ ಬಾಣದ ಗುರುತು) ದಾಟುತ್ತಿದ್ದಂತೆ ಲೇನನ್ನು ಕಚ್ಚಿ ಹಿಡಿಯಿತು, ಅರ್ಧ ದಾರಿಯಲ್ಲೇ ಎಲ್ಲ ಖರ್ಚು ಮಾಡಿಕೊಂಡಿತು. ಫ್ಲ್ಯಾಟ್ ಟೆನ್ ಜೊತೆಗೆ 5-7 ಸ್ಪ್ಲಿಟ್ (ದೂರದೂರ ನಿಂತ ಐದು, ಏಳನೇ ಪಿನ್) ಕೂಡ ಉಡುಗೊರೆ ಬಂತು. ಬಲ ಕಡಿಮೆ ಮಾಡಿದರೂ ಸೋಲು, ಹೆಚ್ಚು ಮಾಡಿದರೂ ಸೋಲು. ನಿದ್ದೆ ಕೆಡಿಸಿದ್ದು ಇದೇ.

ಕಗ್ಗಂಟು ಬಿಡಿಸಿದ್ದು ಬಾಲ್ ರಿಟರ್ನ್. ಎಸೆದ ಬಾಲ್ ಅದರಲ್ಲಿ ವಾಪಸ್ ಮೇಲೆ ಬಂದ ಕೂಡಲೇ ಟವೆಲ್ ಹಾಕದೆ ಬೆಳಕಿಗೆ ಹಿಡಿದು ನೋಡಿ. ಫ್ಲೇರ್ ಇರುವ (ಪ್ರತಿ ಸುತ್ತಿಗೂ ಲೇನನ್ನು ಮುಟ್ಟುವ ಜಾಗ ಬದಲಾಗುವ) ಬಾಲಿನ ಮೇಲೆ ಆಯಿಲ್ ಉಂಗುರಗಳು ಬೋ ಟೈ ಹಾಗೆ ಒಂದೆಡೆ ಕೂಡಿ, ಇನ್ನೊಂದೆಡೆ ಬಿಡಿಸಿಕೊಂಡಿರುತ್ತವೆ. ಒಂದೊಂದು ಉಂಗುರವೂ ಒಂದೊಂದು ಸುತ್ತು. ಬೆಳಿಗ್ಗೆ ಮೊದಲ ಉಂಗುರಗಳು ದಪ್ಪಗೆ ಒದ್ದೆಯಾಗಿರುತ್ತವೆ, ಕೊನೆಯವು ಒಣಗಿರುತ್ತವೆ. ಸಂಜೆ ನೋಡಿದರೆ ತಲೆಕೆಳಗು: ಮೊದಲ ಉಂಗುರಗಳು ತೆಳ್ಳಗೆ ಮಾಸಿದ್ದವು, ಒಣಗಿರಬೇಕಾದ ಕೊನೆಯ ಉಂಗುರಗಳ ಮೇಲೆ ಎಣ್ಣೆಯ ಪೊರೆ! ಅಂದರೆ ಲೇನಿನ ಮುಂಭಾಗದಲ್ಲಿ ಆಯಿಲ್ ಇಲ್ಲ, ಆಯಿಲ್ ಇರಬಾರದ ಹಿಂಭಾಗದಲ್ಲಿ ಇದೆ.

ಅಮೆರಿಕದ ಸಲಹೆ ಇಲ್ಲಿ ಕೆಲಸ ಮಾಡದಿರುವುದಕ್ಕೆ ಕಾರಣವೂ ಇದೇ. ಅಲ್ಲಿ ಲೀಗಿನವರ ಕೈಯಲ್ಲಿ ಹೆಚ್ಚಾಗಿ ರಿಯಾಕ್ಟಿವ್ ರೆಸಿನ್ ಕವರಿನ ಬಾಲ್. ಆ ಕವರ್ ಆಯಿಲ್ ಕುಡಿಯುತ್ತದೆ, ಬಾಲ್ ಓಡಾಡಿದ ಹಾದಿ ಒಣಗುತ್ತಾ ಹೋಗುತ್ತದೆ. ನಮ್ಮಲ್ಲಿ ಲೀಗ್ ಶುರುವಾಗುವ ಮುಂಚೆ ಮಧ್ಯಾಹ್ನವಿಡೀ ಅದೇ ಲೇನಿನಲ್ಲಿ ಹುಟ್ಟುಹಬ್ಬದ ಪಾರ್ಟಿ, ಆಫೀಸಿನ ತಂಡಗಳು, ಕಾಲೇಜಿನ ಹುಡುಗರು. ಎಲ್ಲರ ಕೈಯಲ್ಲೂ ಸೆಂಟರಿನವರೇ ಕೊಡುವ ಹೌಸ್ ಬಾಲ್, ಅಂದರೆ ಪಾಲಿಯೆಸ್ಟರ್. ಪಾಲಿಯೆಸ್ಟರ್ ಆಯಿಲ್ ಕುಡಿಯುವುದಿಲ್ಲ. ಮೈಗೆ ಅಂಟಿಸಿಕೊಂಡು ಮುಂದಕ್ಕೆ ಎಳೆದೊಯ್ದು, 40 ಅಡಿಯ ಆಚೆ ಒಣ ಜಾಗದಲ್ಲಿ ಬಳಿಯುತ್ತದೆ. ಇದೇ ಕ್ಯಾರಿಡೌನ್. ಪಾರ್ಟಿ ಮಾಡುವವರ ಮೇಲೆ ನನಗೆ ಸಿಟ್ಟಿಲ್ಲ, ಸೆಂಟರ್ ನಡೆಯುವುದೇ ಅವರ ದುಡ್ಡಿನಿಂದ. ಆದರೆ ನಾವು ಬಾಲ್ ಆರಿಸುವಾಗ ನಮ್ಮ ಮುಂಚೆ ಆಡಿದವರ ಕೈಯಲ್ಲಿ ಏನಿತ್ತು ಎಂದು ನೋಡಲೇಬೇಕು.

ಹಾಗಾದರೆ ಬೇಕಾಗಿರುವ ಬಾಲ್ ಯಾವುದು? ಒಣಗಿದ ಮುಂಭಾಗದಲ್ಲಿ ಕಚ್ಚಬಾರದು. ಆದ್ದರಿಂದ ಪರ್ಲ್ ಕವರ್, ಸ್ವಲ್ಪ ಎತ್ತರದ ಆರ್‌ಜಿ. ಎಣ್ಣೆ ಮೆತ್ತಿದ ಹಿಂಭಾಗದಲ್ಲಿ ಜಾರಬಾರದು; ಅದಕ್ಕೆ ಮೇಲ್ಮೈಯಲ್ಲಿ ತರಿ ಬೇಕು. ಕಂಪನಿಯವರು ಪರ್ಲನ್ನು ಹೆಚ್ಚಾಗಿ ಪಾಲಿಶ್ ಮಾಡಿಯೇ ಕಳಿಸುತ್ತಾರೆ, ಆ ಹೊಳಪು ಎಣ್ಣೆಯ ಮೇಲೆ ತೇಲುತ್ತದೆ. ಪರ್ಲಿನ ಪಾಲಿಶ್ ತೆಗೆದು 3000ದ ಪ್ಯಾಡಿನಲ್ಲಿ (ಉಜ್ಜುವ ಹಾಳೆ, ನಂಬರ್ ಹೆಚ್ಚಿದ್ದಷ್ಟು ನಯ) ಉಜ್ಜಿದರೆ ಕವರಿನ ಗುಣ ಹಾಗೇ ಉಳಿದು, ಮೇಲಿನ ಸಣ್ಣ ಗೀರುಗಳು ಎಣ್ಣೆಯ ತೆಳುಪದರವನ್ನು ಸೀಳಿ ಲೇನನ್ನು ಮುಟ್ಟುತ್ತವೆ. ನನ್ನ ಖಚಿತ ಅಭಿಪ್ರಾಯ ಹೇಳಿಬಿಡುತ್ತೇನೆ: ಬಾಲ್ ಆರಿಸುವಾಗ ‘ಎಷ್ಟು ಹುಕ್ ಆಗುತ್ತದೆ’ ಎಂಬ ಪ್ರಶ್ನೆಯೇ ದಾರಿ ತಪ್ಪಿಸುತ್ತದೆ. ‘ಲೇನಿನ ಯಾವ ಅಡಿಯಲ್ಲಿ ಹಿಡಿಯಲು ಶುರುಮಾಡುತ್ತದೆ’ ಎಂದು ಕೇಳಬೇಕು.

ಉಪಾಯ ಹೊಳೆದ ಮೇಲೂ ತಿಂಗಳುಗಟ್ಟಲೆ ಕಾಯಿಸಿದ್ದು ಒಬ್ಬ ಆನ್‌ಲೈನ್ ಮಾರಾಟಗಾರ. 1000, 2000, 3000 ಎಂದು ಹಿಂದೆ ಅಚ್ಚು ಹಾಕಿದ ಪ್ಯಾಡುಗಳ ಸೆಟ್ ಕಳಿಸಿದರು. ನೀರು ಹಾಕಿ, ಬಾಲಿನ ನಾಲ್ಕೂ ಮಗ್ಗುಲು ಉಜ್ಜಿ, ತೊಳೆದು, ಲೇನಿಗೆ ಒಯ್ದರೆ ಪರ್ಲ್ ಹೋಗಿ ಫೇಸ್ 2ಗಿಂತ ಮುಂಚೆ ಹಿಡಿಯುತ್ತಿದೆ! ಉಪಾಯವೇ ಸುಳ್ಳೇನೋ ಅನ್ನಿಸುವಷ್ಟು ಕೆಟ್ಟ ಆಟ. ಮನೆಗೆ ಬಂದು ಟ್ಯೂಬ್‌ಲೈಟ್ ಕೆಳಗೆ ಹಿಡಿದಾಗ ಗೊತ್ತಾಯಿತು. ಪಾಲಿಶ್ ಮಾಡಿದ ಬಾಲಿನಲ್ಲಿ ಟ್ಯೂಬಿನ ಅಂಚು ಚಾಕುವಿನಷ್ಟು ಚೂಪಾಗಿ ಕಾಣುತ್ತದೆ. ಸರಿಯಾದ 3000ದಲ್ಲಿ ಅಂಚು ಕದಡಿ, ಬಿಳಿ ಪಟ್ಟಿಯೊಂದು ಮಸುಕಾಗಿ ಉಳಿಯುತ್ತದೆ. ಈ ಬಾಲಿನಲ್ಲಿ ಟ್ಯೂಬ್ ಇದೆ ಎಂಬ ಸುಳಿವೇ ಇಲ್ಲ! ಹಳೆಯ 2000ದ ಪ್ಯಾಡ್ ಪಕ್ಕದಲ್ಲಿಟ್ಟು ಬೆರಳಾಡಿಸಿದರೆ, ಹೊಸ ‘3000’ ಅದಕ್ಕಿಂತ ಒರಟು. ಅಚ್ಚಿನಲ್ಲಿ ಮೂರು ಸಾವಿರ, ಉಜ್ಜುವುದು ಐನೂರರ ಲೆಕ್ಕ. ದುಡ್ಡು ವಾಪಸ್ ಕೇಳಿದರೆ ‘ಬಳಸಿದ ಮಾಲು ಹಿಂದಕ್ಕೆ ತಗೊಳ್ಳಲ್ಲ’ ಎಂಬ ಉತ್ತರ. ಬಳಸದೆ ಒರಟು ಗೊತ್ತಾಗುವುದು ಹೇಗೆ ಸ್ವಾಮಿ?

ಇದೇ ಸಾಲಿಗೆ ಸೇರಬೇಕಾದ ಇನ್ನೊಬ್ಬ ಪುಣ್ಯಾತ್ಮರು ಗೆಳೆಯನಿಗೆ ಸೆಕೆಂಡ್ ಹ್ಯಾಂಡ್ ಬಾಲ್ ಮಾರಿದವರು. ಪೆಟ್ಟಿಗೆ ಬಿಚ್ಚಿದರೆ ನಾಲ್ಕು ತೂತು. ಬ್ಯಾಲೆನ್ಸ್ ಹೋಲ್ (ಬೆರಳಿಗಲ್ಲ, ತೂಕ ಸರಿದೂಗಿಸಲು ಕೊರೆದ ತೂತು) ಇರುವ ಬಾಲನ್ನು ಅಮೆರಿಕದ ಬೌಲಿಂಗ್ ಸಂಸ್ಥೆಯಾದ ಯುಎಸ್‌ಬಿಸಿ ನಿಯಮದಲ್ಲಿ 2020ರ ಆಗಸ್ಟ್ 1ರಿಂದ ಆಡುವಂತಿಲ್ಲ, ಪ್ಲಗ್ ಹಾಕಿಸಲೇಬೇಕು. ಆ ಮಾತನ್ನು ಫೋಟೊದಲ್ಲಾಗಲಿ ವಿವರಣೆಯಲ್ಲಾಗಲಿ ಎಲ್ಲೂ ಹೇಳಿರಲಿಲ್ಲ. ಹಳೇ ಬಾಲ್ ಕೊಳ್ಳುವವರು ಎಲ್ಲ ಮಗ್ಗುಲಿನ ಫೋಟೊ ಕೇಳಿ. ಪ್ಲಗ್, ಮರುಡ್ರಿಲ್ಲಿಂಗ್ ಸೇರಿಸಿದರೆ ಅಗ್ಗ ಎಂದುಕೊಂಡದ್ದು ಅಗ್ಗವಾಗಿ ಉಳಿಯುವುದಿಲ್ಲ.

ಸರಿಯಾದ ಪ್ಯಾಡುಗಳನ್ನು ಕೊನೆಗೆ ವಿದೇಶದಿಂದ ಬರುತ್ತಿದ್ದ ಪರಿಚಿತರೊಬ್ಬರು ತಂದುಕೊಟ್ಟರು. ಮತ್ತೆ ಮೊದಲಿನಿಂದ: ಒರಟು ಗೀರು ಹೋಗುವ ತನಕ 1000, ಆಮೇಲೆ 2000, ಕೊನೆಗೆ ಕೈ ಹಗುರ ಮಾಡಿ 3000. ಟ್ಯೂಬ್‌ಲೈಟ್ ಪರೀಕ್ಷೆ ಪಾಸಾಯಿತು.

ಬಾಲ್ ಬದಲಾದರೆ ಸಾಲದು, ಹಾದಿಯೂ ಬದಲಾಗಬೇಕು. 31ರ ನಿಯಮ ಎಲ್ಲರಿಗೂ ಗೊತ್ತಿರುವುದೇ: ಪ್ಯಾಟರ್ನ್, ಅಂದರೆ ಆಯಿಲ್ ಹಾಕಿದ ಭಾಗ, ಎಷ್ಟು ಅಡಿ ಉದ್ದವೋ ಅದರಿಂದ 31 ಕಳೆದರೆ ಬ್ರೇಕ್‌ಪಾಯಿಂಟ್ ಬೋರ್ಡ್. 40 ಅಡಿಯ ಪ್ಯಾಟರ್ನಿಗೆ ಒಂಬತ್ತನೇ ಬೋರ್ಡ್. ಕ್ಯಾರಿಡೌನ್ ಆದಾಗ ಎಣ್ಣೆ 43 ಅಡಿ ತನಕ ಬಂದಿದ್ದರೆ, ಲೆಕ್ಕ 12ಕ್ಕೆ ಸರಿಯಬೇಕಲ್ಲವೇ? ಹಾಗೇ ಮಾಡಿದೆ. ಎಡಕ್ಕೆ ದೂರ ಸರಿದು ಬಲಕ್ಕೆ ಎಸೆಯುವುದನ್ನು ಬಿಟ್ಟು, ಎರಡನೇ ಮತ್ತು ಮೂರನೇ ಆರೋ ನಡುವಿನ 13ನೇ ಬೋರ್ಡಿನ ಮೇಲೆ ಹೆಚ್ಚುಕಡಿಮೆ ನೇರವಾಗಿ, 12ರ ಕಡೆಗೆ. ಬಾಲ್ ತಡವಾಗಿ ತಿರುಗಿದರೂ ಪಾಕೆಟ್ ದೂರ ಇರುವುದಿಲ್ಲ. ಪಾಕೆಟಿಗೆ 6 ಡಿಗ್ರಿಯಷ್ಟು ಕೋನದಲ್ಲಿ ಹೊಗಬೇಕು ಎನ್ನುವುದು ಆದರ್ಶ. ನೇರ ಎಸೆತಕ್ಕೆ ಲೇನಿನ ಅಂಚಿನಿಂದ ಬಂದರೂ ಒಂದೂವರೆ ಡಿಗ್ರಿ ದಾಟುವುದಿಲ್ಲ. ನನ್ನ ಈ ಹಾದಿಯಲ್ಲಿ ಆದರ್ಶ ಕೋನ ಸಿಗುವುದಿಲ್ಲ ಎಂದು ಗೊತ್ತಿದೆ. ಆದರೆ ದೊಡ್ಡ ಕೋನದಲ್ಲಿ ಬರುವ ಸತ್ತ ಬಾಲಿಗಿಂತ ಚಿಕ್ಕ ಕೋನದಲ್ಲಿ ಬರುವ ಜೀವಂತ ಬಾಲ್ ಮೇಲು.

ಮೊದಲ ಒಳ್ಳೆ ಎಸೆತದಲ್ಲೇ ಆರನೇ ಪಿನ್ ಪಕ್ಕದ ಗೋಡೆಗೆ ಬಡಿದು ಅಡ್ಡಡ್ಡ ಬಂದು ಹತ್ತನ್ನು ಕೆಡವಿತು. ಪಕ್ಕದ ಲೇನಿನವರು ತಿರುಗಿ ನೋಡುವಷ್ಟು ಜೋರಾಗಿ ಕೂಗಿದೆ. ರಾತ್ರಿಯ ಕೊನೆಯ ಗೇಮ್ ತನಕ ಫ್ಲ್ಯಾಟ್ ಟೆನ್ ಪೂರ್ತಿ ಹೋಯಿತು ಅಂತಲ್ಲ, ಅಪರೂಪವಾಯಿತು. ಈಗ ನಿಲ್ಲುವವು ರಿಂಗಿಂಗ್ ಟೆನ್, ಅವಕ್ಕೆ ಅರ್ಧ ಬೋರ್ಡ್ ಸರಿದರೆ ಸಾಕು.

ಎರಡು ಎಚ್ಚರಿಕೆ. ಈ 3000 ಹೆಚ್ಚು ದಿನ ಬಾಳುವುದಿಲ್ಲ. ಲೇನೇ ಬಾಲನ್ನು ಉಜ್ಜಿ ಹೊಳಪು ತರುತ್ತದೆ, ಅದೂ ಟ್ರ್ಯಾಕ್ (ಲೇನಿಗೆ ತಾಗುವ ಪಟ್ಟಿ) ಇರುವ ಜಾಗದಲ್ಲೇ ಮೊದಲು. ಹಾಗಾಗಿ ಪ್ರತಿ ಲೀಗಿನ ಹಿಂದಿನ ರಾತ್ರಿ 3000ದಲ್ಲಿ ಒಂದು ಸುತ್ತು ಹೊಡೆಯುತ್ತೇನೆ. ಪಂದ್ಯ ಶುರುವಾದ ಮೇಲೆ ಮೇಲ್ಮೈ ಮುಟ್ಟುವಂತಿಲ್ಲ, ದ್ರವ ಕ್ಲೀನರ್ ಕೂಡ ಇಲ್ಲ, ಒಣ ಟವೆಲ್ ಮಾತ್ರ. ಇನ್ನೊಂದು, ಇದು ಕ್ಯಾರಿಡೌನ್ ಲೇನಿಗೆ ಮಾತ್ರ. ಬೆಳಿಗ್ಗೆಯ ತಾಜಾ ಆಯಿಲಿಗೆ ಹೈ-ರೋಡ್, ದಪ್ಪ ಉದ್ದ ಪ್ಯಾಟರ್ನಿಗೆ ಫೇಸ್ 2, ಅದರಲ್ಲಿ ಬದಲಾವಣೆ ಇಲ್ಲ.

ಯುರೆಥೇನ್ (ಇನ್ನೊಂದು ಬಗೆಯ ಕವರ್) ಯಾಕಲ್ಲ ಎಂದು ಕೇಳುವವರಿಗೆ: ಗೆಳೆಯನ ಬಾಲಿನಲ್ಲಿ ಆಡಿ ನೋಡಿದೆ. ನಡೆ ತುಂಬ ನಯ, ಎಲ್ಲಿ ಹೋಗುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಹುದು. ಆದರೆ ಅದೂ ಆಯಿಲನ್ನು ಮುಂದಕ್ಕೆ ತಳ್ಳುವ ಪೈಕಿಯೇ, ಈಗಾಗಲೇ ಎಣ್ಣೆ ಮೆತ್ತಿದ ಲೇನಿಗೆ ಇನ್ನಷ್ಟು ಮೆತ್ತುತ್ತದೆ. 35 ಅಡಿಯ ಗಿಡ್ಡ ಪ್ಯಾಟರ್ನ್ ಸಿಕ್ಕರೆ ಅದಕ್ಕಿಂತ ಒಳ್ಳೆಯದು ಇಲ್ಲ. ಮುಂದಿನ ವರ್ಷದ ಬಜೆಟ್ಟಿನಲ್ಲಿ ಇಟ್ಟಿದ್ದೇನೆ.

ಅದಕ್ಕೂ ಮುಂಚೆ ಒಂದು ಕೆಲಸ. ಕೈಯಲ್ಲಿ ಉಜ್ಜಿದರೆ ಎಲ್ಲ ಕಡೆ ಒಂದೇ ಸಮ ಬರುವುದಿಲ್ಲ, ಬಾಲನ್ನು ತಿರುಗಿಸುವ ಯಂತ್ರ, ಅಂದರೆ ಸ್ಪಿನ್ನರ್ ಬೇಕು. ಹೊರಗಿಂದ ತರಿಸಿದರೆ ಸಾಗಣೆಯ ಖರ್ಚಿನಲ್ಲಿ ಇನ್ನೊಂದು ಬಾಲ್ ಬರುತ್ತದೆ. ಮನೆಯಲ್ಲಿ ಕಲ್ಲು ಒಡೆದ ಹಳೇ ವೆಟ್ ಗ್ರೈಂಡರ್ ಇದೆ, ಮೋಟಾರ್ ಗಟ್ಟಿಮುಟ್ಟಾಗಿದೆ. ಅಮೆರಿಕದ ಸ್ಪಿನ್ನರುಗಳು ನಿಮಿಷಕ್ಕೆ ಸುಮಾರು 1725 ಸುತ್ತು ತಿರುಗುವುದು ಅಲ್ಲಿಯ 60 ಹರ್ಟ್ಸ್ ಕರೆಂಟಿಗೆ; ನಮ್ಮ 50 ಹರ್ಟ್ಸಿನಲ್ಲಿ ಅದೇ ನಾಲ್ಕು ಪೋಲಿನ ಮೋಟಾರ್ 1440ರ ಆಸುಪಾಸು. ಪ್ಯಾಡ್ ಹಿಡಿಯಲು ಆ ವೇಗ ಧಾರಾಳ ಸಾಕು. ಶಾಫ್ಟಿಗೆ ಪಿವಿಸಿ ಕ್ಯಾಪ್ ಕೂರಿಸಿ, ಅಂಚಿಗೆ ರಬ್ಬರ್ ಸುತ್ತಿ, 6.8 ಕಿಲೋ ಬಾಲ್ ಅಲುಗಾಡದೆ ಕೂರುವಂತೆ ಮಾಡುವುದೇ ಕಷ್ಟದ ಭಾಗ. ಶಾಫ್ಟ್ ಅಳತೆ ತೆಗೆದಿದ್ದೇನೆ, ಶನಿವಾರ ಎಸ್.ಪಿ. ರಸ್ತೆಗೆ ಹೋಗಿ ಫ್ಲ್ಯಾಂಜ್ ಹುಡುಕುವುದು. ಯಾರಾದರೂ ಗ್ರೈಂಡರ್ ಮೋಟಾರನ್ನು ನೆಟ್ಟಗೆ ನಿಲ್ಲಿಸಿ ಓಡಿಸಿದ್ದರೆ ಬೇರಿಂಗ್ ಬದಲಾಯಿಸಬೇಕಾಯಿತೇ ಹೇಳಿ, ಒಂದೇ ಓಡಾಟದಲ್ಲಿ ಅದನ್ನೂ ತಂದುಬಿಡುತ್ತೇನೆ.