ಗಡಿಗೆರೆ ಕಂಬದ ನಡುವೆ ಹಾದುಹೋಗಿತ್ತು

ಹಳೆ ಕಟ್ಟಡಗಳ ದುರಸ್ತಿ ನನ್ನ ಕೆಲಸ. ಮುಂಬೈನ ಹಾರ್ನಿಮನ್ ಸರ್ಕಲ್‌ನಲ್ಲಿ ಮೊದಲ ಸಲ ಸರ್ವೆ ಮಾಡಿದಾಗ ನಾನೊಂದು ತಪ್ಪು ಮಾಡಿದ್ದೆ. ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ಅದನ್ನು ಹೇಳಬೇಕು ಅನ್ನಿಸಿತು.

ಅಲ್ಲಿಗೆ ಹೋದವರ ಕಣ್ಣು ಮೊದಲು ನಡುವಿನ ತೋಟದ ಮೇಲೆ, ಆಮೇಲೆ ಪೂರ್ವಕ್ಕಿರುವ 1833ರ ಟೌನ್ ಹಾಲಿನ ಮೆಟ್ಟಿಲುಗಳ ಮೇಲೆ ಬೀಳುತ್ತದೆ. ನನಗೆ ಮಾತ್ರ ತೋಟದ ಸುತ್ತ ಬಾಗಿ ನಿಂತ ಕಮಾನುಗಳ ಸಾಲೇ ಇಷ್ಟ. ಕೋಟೆ ಗೋಡೆಗಳನ್ನು ಕೆಡವಿದ 1860ರ ದಶಕದಲ್ಲಿ ಇದರ ಕೆಲಸ ಶುರುವಾಯಿತು. ಆಗ ಇದು ಎಲ್ಫಿನ್‌ಸ್ಟನ್ ಸರ್ಕಲ್. ಬಾಂಬೆ ಕ್ರಾನಿಕಲ್ ಪತ್ರಿಕೆಯ ಸಂಪಾದಕ ಹಾರ್ನಿಮನ್ ಅವರನ್ನು ಬ್ರಿಟಿಷರು 1919ರಲ್ಲಿ ಗಡೀಪಾರು ಮಾಡಿದ್ದರು. ಸ್ವಾತಂತ್ರ್ಯದ ನಂತರ ಸರ್ಕಲ್‌ಗೆ ಅವರ ಹೆಸರೇ ಬಂತು.

ಕಟ್ಟಡಗಳು ಹಲವು, ಮಾಲೀಕರೂ ಹಲವರು. ಆದರೆ ತೋಟದ ಕಡೆಯ ಮುಖ ಒಂದೇ. ಕೆಳಗೆ ಫುಟ್‌ಪಾತ್ ಮೇಲೆ ಕಮಾನು, ಅದರ ಮೇಲೆ ಮಹಡಿ. ಮಳೆಗಾಲದಲ್ಲಿ ಕೊಡೆ ಬಿಚ್ಚದೆ ನಡೆಯಬಹುದು.

ನಮಗೆ ಕೆಲಸ ಕೊಟ್ಟ ಮಾಲೀಕರ ಕೊನೆಯ ಕಮಾನಿನ ನೆತ್ತಿಯಲ್ಲಿ ಸಣ್ಣ ಬಿರುಕು ಬಿಟ್ಟಿತ್ತು. ನಾನು ಅಳತೆ ತೆಗೆದೆ, ನಕ್ಷೆ ಬರೆದೆ. ಬಿರುಕಿಗೆ ಸುಣ್ಣದ ಗಾರೆ ತುಂಬಬೇಕು ಅಂತ ವರದಿ ಕೊಟ್ಟೆ. ನಮ್ಮ ಸೀನಿಯರ್ ನಕ್ಷೆ ನೋಡಿ, "ಈ ಕೊನೆಯ ಕಂಬ ಅರ್ಧಕ್ಕೇ ಯಾಕೆ ನಿಂತಿದೆಯಮ್ಮಾ?" ಅಂದರು.

"ಸರ್, ಅಲ್ಲಿಗೆ ನಮ್ಮ ಆಸ್ತಿ ಮುಗಿಯುತ್ತೆ."

"ಕಮಾನಿಗೆ ಅದು ಗೊತ್ತಾ?"

ಕಮಾನು ಭಾರವನ್ನು ಕೆಳಕ್ಕಷ್ಟೇ ಇಳಿಸುವುದಿಲ್ಲ, ಪಕ್ಕಕ್ಕೂ ತಳ್ಳುತ್ತದೆ. ಸಾಲಿನಲ್ಲಿ ಈಚೆ ಕಮಾನು ಆಚೆಗೆ ತಳ್ಳಿದರೆ ಆಚೆಯದು ಈಚೆಗೆ ತಳ್ಳುತ್ತದೆ. ಕಂಬ ನೆಟ್ಟಗೆ ನಿಲ್ಲುವುದು ಹಾಗೆ. ಹಾರ್ನಿಮನ್ ಸರ್ಕಲ್‌ನಲ್ಲಿ ಇನ್ನೂ ಒಂದು ಸೊಗಸಿದೆ. ಸಾಲು ಬಾಗಿರುವುದರಿಂದ ಎರಡು ತಳ್ಳುಗಳೂ ಪೂರ್ತಿ ಎದುರುಬದುರು ಬರುವುದಿಲ್ಲ. ಉಳಿದ ಸ್ವಲ್ಪ ಒತ್ತಡ ತೋಟಕ್ಕೆ ಬೆನ್ನು ಮಾಡಿ ಕಟ್ಟಡದ ಕಡೆಗೇ ಹೋಗುತ್ತದೆ. ಅದನ್ನು ತಡೆಯಲು ಹಿಂದೆ ಇಡೀ ಕಟ್ಟಡವೇ ನಿಂತಿದೆ! ಇದು ಅರ್ಥವಾದ ದಿನ ನಾನು ಆ ಸಾಲಿನ ಕೆಳಗೆ ಎರಡು ಸುತ್ತು ಸುಮ್ನೆ ನಡೆದೆ.

ಮರುದಿನ ಮೇಸ್ತ್ರಿ ಜೊತೆ ಹೋಗಿ ಆ ಕಂಬಕ್ಕೆ ತೂಗುಗುಂಡು ಬಿಟ್ಟೆವು. ಕಂಬ ಪಕ್ಕದವರ ಕಡೆಗೆ ಕೆಲವೇ ಮಿಲಿಮೀಟರ್ ವಾಲಿತ್ತು. ಅಷ್ಟು ಸಾಕು. ಒಂದು ಕಾಲು ಸರಿದರೆ ಕಮಾನು ಅಗಲವಾಗುತ್ತದೆ, ನೆತ್ತಿ ಇಳಿಯುತ್ತದೆ, ಅಡಿಯಿಂದ ಬಿರುಕು ಬಾಯಿ ಬಿಡುತ್ತದೆ. ಸರಿದಿದ್ದು ಯಾಕೆ? ಪಕ್ಕದ ಕಟ್ಟಡದ ಮಳೆನೀರಿನ ಪೈಪು ಗೋಡೆಯೊಳಗೆ ಒಡೆದಿತ್ತು. ಮೇಲೆ ಅರಳಿ ಗಿಡ ಬೇರು ಬಿಟ್ಟಿತ್ತು. ಎಷ್ಟೋ ಮಳೆಗಾಲದ ನೀರು ಕಲ್ಲುಗಳ ಸಂದಿನ ಸುಣ್ಣವನ್ನು ತೊಳೆದುಕೊಂಡು ಹೋಗಿತ್ತು. ಮೇಸ್ತ್ರಿ ಸಂದಿಗೆ ಬೆರಳು ಹಾಕಿದರೆ ಗಾರೆ ಒದ್ದೆ ಮರಳಿನ ಹಾಗೆ ಉದುರಿತು.

ನಾನು ಹೇಳಿದಂತೆ ಬಿರುಕು ಮಾತ್ರ ತುಂಬಿದ್ದರೆ ಏನಾಗುತ್ತಿತ್ತು? ಹೊರಗೆ ಎಲ್ಲ ಚೆನ್ನಾಗಿ ಕಾಣುತ್ತಿತ್ತು, ಒಳಗೆ ಕಂಬ ಸರಿಯುತ್ತಲೇ ಇರುತ್ತಿತ್ತು. ಇದು ನೆನಪಾದರೆ ಈಗಲೂ ಎದೆ ಝಲ್ ಅನ್ನುತ್ತದೆ. ಆ ಕಮಾನಿನ ಕೆಳಗೆ ಜನ ಓಡಾಡುತ್ತಾರೆ.

ಪಕ್ಕದವರನ್ನು ಒಪ್ಪಿಸುವುದು ಗಾರೆ ಕೆಲಸಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು. ಅವರ ಭಾಗವನ್ನೂ ಸೇರಿಸಿದ ನಕ್ಷೆ ತೋರಿಸಿದ ಮೇಲೆಯೇ ಒಪ್ಪಿದರು. ಎರಡೂ ಕಮಾನುಗಳಿಗೆ ಆಸರೆ ಕೊಟ್ಟೆವು. ಪೈಪು ಬದಲಾಯಿತು, ಅರಳಿಯನ್ನು ಬೇರು ಸಮೇತ ತೆಗೆದೆವು, ಕಂಬದ ಸಂದುಗಳಿಗೆ ಸುಣ್ಣದ ಗಾರೆ ತುಂಬಿದೆವು. ಬಿರುಕಿನ ಸರದಿ ಬಂದಿದ್ದು ಕೊನೆಗೆ. ಅದು ಮತ್ತೆ ಬಾಯಿ ಬಿಟ್ಟರೆ ತಿಳಿಯಲಿ ಅಂತ ಅಡ್ಡಲಾಗಿ ಒಂದು ತೆಳು ಗಾಜಿನ ಪಟ್ಟಿ ಅಂಟಿಸಿದೆವು.

ಆ ಜೂನ್‌ನಲ್ಲಿ ಮೊದಲ ಜೋರು ಮಳೆ ಬಂದಾಗ ಆಫೀಸಿನಿಂದ ನೇರ ಅಲ್ಲಿಗೆ ಓಡಿದೆ. ನೀರು ಪೈಪಿನೊಳಗೇ ಇಳಿಯುತ್ತಿತ್ತು. ಗಾಜು ಒಡೆದಿರಲಿಲ್ಲ.