ಅಡಿಕೆ ಸುಲಿತದ ಲೆಕ್ಕ

ಡಿಸೆಂಬರ್ 3, 2024, ಮಂಗಳವಾರ
ಶಿರಸಿ ಸೀಮೆ

ಇವತ್ತು ಸಂಜೆ ಮಗಳು ಮತ್ತೆ ಸುಲಿತದ ಜಗಲಿಗೆ ಬಂದು ತಕ್ಕಡಿಯ ಪಕ್ಕ ಕುಳಿತಳು. 12 ದಿನ ಅವಳು ಅತ್ತ ಸುಳಿದಿರಲಿಲ್ಲ. ಅದಕ್ಕೆ ಕಾರಣ ನಾನೇ. ಮರೆಯುವ ಮೊದಲು ಬರೆದಿಡುತ್ತೇನೆ.

ಅಡಿಕೆ ಗೊನೆಗಳ ಕೊಯ್ಲು ಶುರುವಾದ ದಿನದಿಂದ ಸುಲಿಯುವವರ ತೂಕ ಬರೆಯುವ ಕೆಲಸವನ್ನು ಅವಳು ತಾನಾಗಿ ವಹಿಸಿಕೊಂಡಿದ್ದಳು. ನಾಲ್ವರು ಹೆಂಗಸರು ಮೆಟ್ಟುಗತ್ತಿ (ಮಣೆಗೆ ಜೋಡಿಸಿದ ಕತ್ತಿ) ಮೇಲೆ ಕುಳಿತು ರಾತ್ರಿಯವರೆಗೆ ಹಸಿ ಅಡಿಕೆ ಸುಲಿಯುತ್ತಾರೆ. ನಮ್ಮಲ್ಲಿ ಸುಲಿದ ಅಡಿಕೆಗೆ ಕಿಲೋಗೆ 12 ರೂಪಾಯಿ. ಮಗಳಿಗೆ 11 ವರ್ಷ, ಶಾಲೆಗೆ ಹೋಗಿಲ್ಲ; ಮಕ್ಕಳು ತಾವಾಗಿಯೇ ಕಲಿಯಲಿ ಎಂದು ನಾವೇ ಕಳಿಸಿಲ್ಲ. ಗುಣಾಕಾರವನ್ನು ನಾನು ಕೂರಿಸಿ ಕಲಿಸಿದವಳಲ್ಲ. ಆದರೂ 23 ಕಿಲೋ 650 ಗ್ರಾಂ ಎಂದರೆ ಎಷ್ಟಾಯಿತೆಂದು ಅವಳದೇ ಹಾದಿಯಲ್ಲಿ ಹುಡುಕುತ್ತಿದ್ದಳು. 23 ಕಿಲೋಗೆ 276. ಅರ್ಧ ಕಿಲೋಗೆ 6. ನೂರು ಗ್ರಾಮಿಗೆ ಒಂದು ರೂಪಾಯಿ 20 ಪೈಸೆ, ಐವತ್ತಕ್ಕೆ ಅದರ ಅರ್ಧ. ಒಟ್ಟು 283 ರೂಪಾಯಿ 80 ಪೈಸೆ. ಒಲೆಯ ಮುಂದೆ ನಿಂತು ಕೇಳಿಸಿಕೊಳ್ಳುತ್ತಿದ್ದ ನನಗೆ ಕಣ್ಣು ತುಂಬಿ ಬಂದಿತ್ತು.

ನವೆಂಬರ್ 19ರಂದು ಒಂದು ತಪ್ಪಾಯಿತು. ತಕ್ಕಡಿ 21.40 ತೋರಿಸಿದ್ದನ್ನು ಅವಳು 21 ಕಿಲೋ 40 ಗ್ರಾಂ ಎಂದು ಓದಿದಳು. ಹಿರಿಯಳಾದ ಹೆಂಗಸು ಬುಟ್ಟಿ ನೋಡಿಯೇ ಹೇಳಿಬಿಟ್ಟಳು, "ಕೂಸೇ, ಇಷ್ಟು ಕಡಿಮೆ ಬರುವುದಿಲ್ಲ, ಸರಿಯಾಗಿ ನೋಡು." ಆಕೆಗೆ ಓದು ಬಾರದು. ಕೈಗೆ ತೂಕ ಗೊತ್ತು. 360 ಗ್ರಾಂ, 4 ರೂಪಾಯಿ 32 ಪೈಸೆ ಆಕೆಯ ದುಡಿಮೆಯಲ್ಲಿ ಕಡಿಮೆ ಬಿದ್ದಿತ್ತು. ಅದನ್ನು ಅಂದೇ ಕೊಟ್ಟೆವು.

ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ನಾನು ಮರುದಿನವೇ ಪೇಟೆಗೆ ಹೋಗಿ ದಶಮಾಂಶದ ಅಭ್ಯಾಸ ಪುಸ್ತಕ ತಂದೆ. ಎರಡು ಸಂಜೆ ಅವಳನ್ನು ಒಳಗೆ ಕೂರಿಸಿ ಚುಕ್ಕಿಯ ಆಚೆಗಿನ ಸ್ಥಾನಗಳನ್ನು ವಿವರಿಸಿದೆ. ಅವಳು ತಲೆಯಾಡಿಸಿದಳು, ನಾನು ಹೇಳಿದ ಲೆಕ್ಕಗಳನ್ನೆಲ್ಲ ಮಾಡಿದಳು. ಮೂರನೆಯ ಸಂಜೆ ಸುಲಿತದ ಪಟ್ಟಿಯನ್ನು ಅಪ್ಪನ ಮೇಜಿನ ಮೇಲಿಟ್ಟು, "ನೀವೇ ಬರೆದುಕೊಳ್ಳಿ" ಎಂದು ಹೋದಳು. ಅವಳದಾಗಿದ್ದ ಕೆಲಸವನ್ನು ನಾನು ಕಸಿದುಕೊಂಡು ನನ್ನ ಪಾಠ ಮಾಡಿಬಿಟ್ಟಿದ್ದೆ.

ಹೀಗೆ ಶಾಲೆಯಿಲ್ಲದೆ ಮಕ್ಕಳನ್ನು ತಾವಾಗಿ ಕಲಿಯಲು ಬಿಡುವುದಕ್ಕೆ ಅನ್‌ಸ್ಕೂಲಿಂಗ್ ಎಂಬ ಪದವನ್ನು 1977ರಲ್ಲಿ ಬಳಕೆಗೆ ತಂದ ಅಮೆರಿಕದ ಜಾನ್ ಹೋಲ್ಟ್ ಸ್ವತಃ ಶಾಲಾ ಮೇಷ್ಟ್ರಾಗಿದ್ದವರು. ಮಗು ತಾನಾಗಿ ಹಿಡಿದದ್ದನ್ನು ದೊಡ್ಡವರು ಪಾಠ ಮಾಡಹೊರಟರೆ ಅದು ಕೈಬಿಟ್ಟುಹೋಗುತ್ತದೆ ಎಂದು ಅವರನ್ನು ಓದಿ ಎಷ್ಟೋ ವರ್ಷಗಳ ಹಿಂದೆಯೇ ಒಪ್ಪಿಕೊಂಡಿದ್ದೆ. ಒಪ್ಪಿದ್ದು ಕೈಗೆ ಇಳಿಯುವುದು ತಡ. ಭಯ ಮೊದಲು ಇಳಿಯುತ್ತದೆ. ಏಳು ವರ್ಷದ ಮಗ ಇನ್ನೂ ಓದುವುದಿಲ್ಲ. ಪುಸ್ತಕ ತರುವ ಕೆಲವು ದಿನ ಮೊದಲು ನಾದಿನಿ ಫೋನಿನಲ್ಲಿ ಕೇಳಿದ್ದು ಅದೇ. ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಪುಸ್ತಕ ತಂದದ್ದರ ಹಿಂದೆ ದಶಮಾಂಶಕ್ಕಿಂತ ಆ ಭಯವೇ ಹೆಚ್ಚಿತ್ತು.

ಕಾನೂನಿನ ಮಾತನ್ನೂ ನಾದಿನಿ ಎತ್ತಿದಳು. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಸಂಬಂಧಿಸಿದ್ದು, ಮಗುವನ್ನು ನೆರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎಂದು ಅದರ 10ನೇ ಸೆಕ್ಷನ್ ಹೇಳುತ್ತದೆ, ಸೇರಿಸದವರಿಗೆ ಶಿಕ್ಷೆಯನ್ನು ಕಾಯ್ದೆ ಹೇಳುವುದಿಲ್ಲ. 14 ತುಂಬಿದ ಮೇಲೆ ಮಗಳು ಬಯಸಿದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೇ ತರಗತಿಯ ಪರೀಕ್ಷೆ ಬರೆಯಬಹುದು. ಇದನ್ನೆಲ್ಲ ನಾದಿನಿಗೆ ಸಮಾಧಾನವಾಗಿಯೇ ಹೇಳಿದೆ. ಆದರೆ ಆ ಕಾಯ್ದೆ ನಮಗೆ ಅಡ್ಡಿ ಎಂದು ನಾನು ಎಂದೂ ಹೇಳಲಾರೆ. ನಮ್ಮ ಜಗಲಿಯಲ್ಲಿ ಸುಲಿಯುವ ಆ ಹಿರಿಯಳ ಮೊಮ್ಮಗಳು ಬೆಳಗ್ಗೆ ಸಮವಸ್ತ್ರ ತೊಟ್ಟು ಸರ್ಕಾರಿ ಶಾಲೆಗೆ ನಡೆಯುತ್ತಾಳೆ. ಅಜ್ಜಿಗೆ ಸಿಗದ ಬಾಗಿಲು ಅದು. ಮನೆಯಲ್ಲಿ ಪುಸ್ತಕ, ಬಿಡುವು, ಓದಿದ ಅಪ್ಪ ಅಮ್ಮ ಇರುವ ನನ್ನ ಮಗಳ ಮಾತೇ ಬೇರೆ.

ಇವತ್ತು ಆ ಹಿರಿಯಳೇ ಅಡಿಗೆಮನೆ ಬಾಗಿಲಿಗೆ ಬಂದು ಕರೆದಳು. "ಕೂಸೇ, ನಿನ್ನಪ್ಪ ಅವಸರದಲ್ಲಿ ಬರೆಯುತ್ತಾರೆ. ನೀನಾದರೆ ಓದಿ ಹೇಳುತ್ತೀ. ನನ್ನ ಲೆಕ್ಕ ನೀನೇ ಇಡು."

ಮಗಳು ತಕ್ಷಣ ಎದ್ದು ಹೋಗಲಿಲ್ಲ. ಸ್ವಲ್ಪ ಹೊತ್ತು ಕಳೆದು ಅಟ್ಟದಿಂದ ಅವಳ ಅಜ್ಜನ ಕಾಲದ ಕಬ್ಬಿಣದ ತೂಕದ ಕಲ್ಲುಗಳನ್ನು ಇಳಿಸಿದಳು. ತಮ್ಮನನ್ನೂ ಕರೆದುಕೊಂಡಳು. ಅವನು ಒಂದೊಂದೇ ಕಲ್ಲನ್ನು ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಟ್ಟ, ಅವಳು ಅಂಕಿ ನೋಡಿದಳು. ಅರ್ಧ ಕಿಲೋ ಇಟ್ಟರೆ 0.50. ನೂರು ಗ್ರಾಂ ಇಟ್ಟರೆ 0.10. ಐವತ್ತಿನ ಕಲ್ಲಿಗೆ 0.05. ನೂರರ ಪಕ್ಕ ಐವತ್ತು ಸೇರಿಸಿದಾಗ 0.15 ಆಯಿತು. ಅವಳು ಆ ಎರಡನ್ನೂ ತೆಗೆದು ಮತ್ತೆ ಇಟ್ಟಳು, ಮತ್ತೆ ನೋಡಿದಳು. ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ. ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕೈಯಲ್ಲಿದ್ದ ಸೌಟನ್ನು ಬಿಗಿಯಾಗಿ ಹಿಡಿದುಕೊಂಡೆ.

ಆಮೇಲೆ ಅವಳು ಹಳೆಯ ಪುಟಗಳನ್ನು ತಿರುವಿದಳು. ತಕ್ಕಡಿ ತೋರಿಸಿದ ಅಂಕಿಗಳನ್ನೂ ಬದಿಯಲ್ಲಿ ಬರೆದಿಟ್ಟಿದ್ದಳು. ಇನ್ನೂ ಎರಡು ತಪ್ಪು ಸಿಕ್ಕಿತು: 16.80 ಇದ್ದದ್ದು 16 ಕಿಲೋ 80 ಗ್ರಾಂ ಆಗಿತ್ತು, 19.30 ಇದ್ದದ್ದು 19 ಕಿಲೋ 30 ಗ್ರಾಂ. ಆ ಇಬ್ಬರು ಕೇಳಿರಲಿಲ್ಲ, ನಾವೂ ಗಮನಿಸಿರಲಿಲ್ಲ. ಒಬ್ಬರಿಗೆ 8 ರೂಪಾಯಿ 64 ಪೈಸೆ, ಇನ್ನೊಬ್ಬರಿಗೆ 3 ರೂಪಾಯಿ 24 ಪೈಸೆ ಕೊಡಬೇಕೆಂದು ಅಪ್ಪನ ಮುಂದೆ ಪಟ್ಟಿ ಹಿಡಿದಳು. ಅವರು ಒಂಬತ್ತು ಮತ್ತು ನಾಲ್ಕು ಕೊಟ್ಟರು. ಮಗಳು ಪ್ರತಿಯೊಬ್ಬರ ಹತ್ತಿರ ಹೋಗಿ, "ಅಕ್ಕಾ, ನಾನು ತಪ್ಪು ಓದಿದ್ದೆ" ಎಂದು ಹೇಳಿ ನಾಣ್ಯಗಳನ್ನು ಕೈಗಿಟ್ಟಳು. ಅವರಲ್ಲೊಬ್ಬಳು ಕತ್ತಿಯಿಂದ ಕೈ ತೆಗೆದು ಸೆರಗಿಗೆ ಒರೆಸಿಕೊಂಡು ನಾಣ್ಯ ತೆಗೆದುಕೊಂಡಳು.

ರಾತ್ರಿ ಹತ್ತಾಗುತ್ತಾ ಬಂತು. ಹಂಡೆಯಲ್ಲಿ ಅಡಿಕೆ ಬೇಯುತ್ತಿದೆ, ಚೊಗರಿನ ವಾಸನೆ ಮನೆಯೊಳಗೆಲ್ಲ ತುಂಬಿದೆ. ಮಗ ತೂಕದ ಕಲ್ಲುಗಳ ಪಕ್ಕದಲ್ಲೇ ನಿದ್ದೆ ಹೋಗಿದ್ದಾನೆ. ಮಗಳು ನಾಳೆಯ ಪುಟಕ್ಕೆ ಗೆರೆ ಎಳೆದಿಟ್ಟು ಈಗಷ್ಟೇ ಮಲಗಿದಳು. ಹೆಸರು, ತಕ್ಕಡಿಯ ಅಂಕಿ, ಕಿಲೋ, ಗ್ರಾಂ, ಹಣ. ಕೊನೆಯಲ್ಲಿ ಇನ್ನೊಂದು ಅಂಕಣವನ್ನು ಖಾಲಿ ಬಿಟ್ಟಿದ್ದಾಳೆ. ಅದು ಯಾತಕ್ಕೆಂದು ನಾನು ಕೇಳಲಿಲ್ಲ.