ಬಾಗಿಲಿಗೆ ಒರಗಿಸಿಟ್ಟ ಕುರ್ಚಿ

ಹೋಟೆಲ್ ರೂಮ್‌ಗಳಲ್ಲಿ ಏನಿರಬೇಕು, ಏನು ಬದಲಾಗಬೇಕು ಎಂದು ನೋಡಿಕೊಳ್ಳುವುದು ನನ್ನ ಕೆಲಸ. ಹಾಸಿಗೆ, ಬೀಗ, ಪರದೆ, ನಲ್ಲಿ, ಲೈಟು ಎಲ್ಲವೂ ನನ್ನ ಟೇಬಲ್‌ಗೇ ಬರುತ್ತವೆ. ಕೆಲವು ವರ್ಷಗಳ ಹಿಂದೆ ನಾನಿದ್ದ ಹೋಟೆಲ್‌ನಲ್ಲಿ ಎಲ್ಲ ರೂಮ್‌ಗಳನ್ನೂ ಹೊಸದು ಮಾಡುವ ತೀರ್ಮಾನವಾಯಿತು. ನಾನು ಉತ್ಸಾಹದಿಂದ ಪಟ್ಟಿ ಬರೆದೆ. ದೊಡ್ಡ ಟಿವಿ, ಕಾಫಿ ಮೆಷಿನ್, ದಪ್ಪ ಬಾತ್‌ರೋಬ್, ಗೋಡೆಗೆ ಚಿತ್ರಗಳು.

ಆ ಪಟ್ಟಿ ಹಿಡಿದುಕೊಂಡು ಮಹಡಿ ಸುತ್ತುತ್ತಿದ್ದಾಗ ಹೌಸ್‌ಕೀಪಿಂಗ್‌ನ ಹಿರಿಯ ಹೆಂಗಸೊಬ್ಬರು ಸಿಕ್ಕಿದರು. ನಾವೆಲ್ಲ ಅವರನ್ನು ಅಕ್ಕ ಅಂತಲೇ ಕರೆಯುತ್ತಿದ್ದೆವು. ಪಟ್ಟಿ ನೋಡಿ ಕೇಳಿದರು: "ಸರ್, ಇದರಲ್ಲಿ ಬಾಗಿಲು ಇದೆಯಾ?"

"ಬಾಗಿಲು ಚೆನ್ನಾಗೇ ಇದೆಯಲ್ಲ ಅಕ್ಕ."

"ನೋಡೋಕೆ ಚೆನ್ನಾಗಿದೆ. ಆದರೆ ಬೆಳಿಗ್ಗೆ ಕ್ಲೀನ್ ಮಾಡೋಕೆ ಹೋದಾಗ ಎಷ್ಟೋ ರೂಮ್‌ಗಳಲ್ಲಿ ಕುರ್ಚಿ ಬಾಗಿಲ ಹತ್ತಿರ ಇರುತ್ತೆ. ನಾನು ಮೇಜಿನ ಹತ್ತಿರ ಇಟ್ಟು ಬರ್ತೀನಿ. ಮಾರನೇ ದಿನ ಮತ್ತೆ ಅಲ್ಲೇ. ಒಬ್ಬರೇ ಬಂದು ಉಳಿಯೋರ ರೂಮ್‌ಗಳಲ್ಲಿ ಜಾಸ್ತಿ."

ನಾನು ಅಲ್ಲೇ ನಿಂತುಬಿಟ್ಟೆ. ರಾತ್ರಿ ಮಲಗುವ ಮುಂಚೆ ನಮ್ಮ ಅತಿಥಿಗಳು ಕುರ್ಚಿ ಎಳೆದು ಬಾಗಿಲಿಗೆ ಒರಗಿಸುತ್ತಿದ್ದರು. ಅಂದರೆ ನಮ್ಮ ಬಾಗಿಲನ್ನು ಅವರು ನಂಬಿರಲಿಲ್ಲ. ಒಂದೇ ಒಂದು ದೂರಿನಲ್ಲೂ ಈ ಮಾತು ಬಂದಿರಲಿಲ್ಲ. ಚೆಕ್‌ಔಟ್ ಆಗುವಾಗ "ಎಲ್ಲ ಚೆನ್ನಾಗಿತ್ತಾ?" ಅಂದರೆ "ಚೆನ್ನಾಗಿತ್ತು" ಅಂದು ಹೋಗುತ್ತಾರೆ. "ನನಗೆ ರಾತ್ರಿ ಭಯವಾಯಿತು" ಎಂದು ಕೌಂಟರ್ ಮುಂದೆ ಯಾರು ಹೇಳುತ್ತಾರೆ?

ಅವತ್ತೇ ಪಟ್ಟಿಯನ್ನು ಬದಿಗಿಟ್ಟೆ. ಪ್ರತಿ ಟ್ರಾಲಿಗೂ ಒಂದು ಸಣ್ಣ ನೋಟ್‌ಬುಕ್ ಕೊಟ್ಟೆವು. ಅತಿಥಿಗಳು ರೂಮಿನಲ್ಲಿ ಏನನ್ನು ಸರಿಸಿದ್ದಾರೆ, ಏನನ್ನು ಮುಚ್ಚಿದ್ದಾರೆ, ಯಾವುದಕ್ಕೆ ಏನು ಸಿಕ್ಕಿಸಿದ್ದಾರೆ, ಅಷ್ಟೇ ಬರೆಯಿರಿ ಅಂದೆ. ಯಾವ ರೂಮು, ಯಾರು ಅನ್ನೋದು ಬೇಡ. ಎರಡು ವಾರದಲ್ಲಿ ಆ ನೋಟ್‌ಬುಕ್‌ಗಳು ಕಲಿಸಿದ್ದನ್ನು ಅಷ್ಟು ವರ್ಷದ ಫೀಡ್‌ಬ್ಯಾಕ್ ಫಾರ್ಮ್‌ಗಳು ಕಲಿಸಿರಲಿಲ್ಲ.

ಮೊದಲು ಬಾಗಿಲಿನ ವಿಷಯ ಹೇಳುತ್ತೇನೆ, ನನಗೆ ಅದೇ ದೊಡ್ಡದು. ಮೇಂಟೆನೆನ್ಸ್ ಹುಡುಗರ ಜೊತೆ ಪ್ರತಿ ಬಾಗಿಲನ್ನೂ ಮೂರು ಸಲ ಬಿಟ್ಟು ನೋಡಿದೆವು: ಪೂರ್ತಿ ತೆರೆದು, ಅರ್ಧ ತೆರೆದು, ಒಂದು ಗೇಣು ತೆರೆದು. ಕೈಬಿಟ್ಟರೆ ತಾನಾಗಿ ಮುಚ್ಚಿ ಬೀಗ ಕೂರಬೇಕು. ಎಷ್ಟೋ ಬಾಗಿಲುಗಳು ಚೌಕಟ್ಟಿನವರೆಗೆ ಬಂದು ಸುಮ್ನೆ ನಿಂತುಬಿಡುತ್ತಿದ್ದವು. ಅತಿಥಿ ಮುಚ್ಚಿದೆ ಎಂದುಕೊಂಡು ಹೊರಗೆ ಹೋಗುತ್ತಾರೆ, ಒಳಗೆ ಅವರ ಸಾಮಾನೆಲ್ಲ ಇರುತ್ತದೆ. ಬಾಗಿಲ ಮೇಲಿನ ಡೋರ್ ಕ್ಲೋಸರ್‌ನಲ್ಲಿ ಎರಡು ಸ್ಕ್ರೂ ಇದ್ದವು. ಒಂದು ಬಾಗಿಲು ಬರುವ ವೇಗಕ್ಕೆ, ಇನ್ನೊಂದು ಕೊನೆಯಲ್ಲಿ ಅದು ಚೌಕಟ್ಟಿಗೆ ಕೂರುವ ವೇಗಕ್ಕೆ. ಜಾಸ್ತಿ ಬಾಗಿಲುಗಳಿಗೆ ಸ್ಕ್ರೂಡ್ರೈವರ್ ಒಂದೇ ಸಾಕಾಯಿತು. ಬೆಂಕಿ ಬಿದ್ದಾಗ ಹೊಗೆಯನ್ನು ತಡೆದು ಸಮಯ ಕೊಡುವುದೂ ಪೂರ್ತಿ ಮುಚ್ಚಿದ ಬಾಗಿಲೇ. ಅದಕ್ಕೇ ಈ ಕೆಲಸವನ್ನು ಒಂದು ದಿನವೂ ಮುಂದೆ ಹಾಕಬಾರದು ಎಂದು ಪಟ್ಟು ಹಿಡಿದೆ.

ಆಮೇಲೆ ಬೀಗ. ನಮ್ಮಲ್ಲಿ ಇದ್ದದ್ದು ಹಳೇ ಮ್ಯಾಗ್ನೆಟಿಕ್ ಪಟ್ಟಿಯ ಕಾರ್ಡ್. ಅದನ್ನು ತೆಗೆದು ಆರ್‌ಎಫ್‌ಐಡಿ, ಅಂದರೆ ಬೀಗದ ಹತ್ತಿರ ಹಿಡಿದರೆ ತೆರೆಯುವ ಚಿಪ್ ಕಾರ್ಡ್, ಹಾಕೋಣ ಎಂದಾಯಿತು. ಆರ್‌ಎಫ್‌ಐಡಿ ಅಂದರೆ ಸಾಕು, ಸುರಕ್ಷಿತ ಅಂತ ನಾನೂ ನಂಬಿದ್ದೆ. ಓದುತ್ತಾ ಹೋದಂತೆ ಆ ನಂಬಿಕೆ ಕರಗಿತು. 1970ರ ದಶಕದಲ್ಲಿ ನಾರ್ವೆಯ ಟೋರ್ ಸೋರ್ನೆಸ್ ಕಾರ್ಡ್‌ನಿಂದ ತೆರೆಯುವ ಹೋಟೆಲ್ ಬೀಗ ಮಾಡಿದಾಗ ಅದು ತೂತು ಕೊರೆದ ಪ್ಲಾಸ್ಟಿಕ್ ತುಂಡು. ಹಿಂದಿನ ಅತಿಥಿಯ ಕೀಲಿ ಮುಂದಿನ ಅತಿಥಿಯ ಬಾಗಿಲು ತೆರೆಯಬಾರದು ಅನ್ನೋದು ಅದರ ಹಿಂದಿನ ಯೋಚನೆ. ಎಷ್ಟು ಒಳ್ಳೆಯ ಯೋಚನೆ ಅಲ್ವಾ? ಆದರೆ 2018ರಲ್ಲಿ ಎಫ್-ಸೆಕ್ಯೂರ್ ಎಂಬ ಸೈಬರ್ ಭದ್ರತಾ ಕಂಪನಿಯ ಇಬ್ಬರು ಸಂಶೋಧಕರು, ಅವಧಿ ಮುಗಿದ ಒಂದು ಕಾರ್ಡ್ ಸಿಕ್ಕರೂ ಸಾಕು, ಅದರಿಂದ ಇಡೀ ಹೋಟೆಲ್‌ನ ಮಾಸ್ಟರ್ ಕೀ ಮಾಡಬಹುದು ಎಂದು ಒಂದು ಜಾತಿಯ ಬೀಗಗಳ ಮೇಲೆ ತೋರಿಸಿದರು. 2024ರಲ್ಲಿ ಸ್ಯಾಫ್ಲಾಕ್ ಎಂಬ ಬೀಗಗಳಲ್ಲಿ ಅನ್‌ಸ್ಯಾಫ್ಲಾಕ್ ಎಂಬ ಹೆಸರಿನಲ್ಲಿ ಇನ್ನೊಂದು ದೋಷ ಬಯಲಾಯಿತು. 131 ದೇಶಗಳ 30 ಲಕ್ಷಕ್ಕೂ ಹೆಚ್ಚು ಬಾಗಿಲುಗಳಿಗೆ ತಟ್ಟುವಂಥದ್ದು ಅದು. ಆ ಬೀಗಗಳಿಗೆ ಬಳಸುತ್ತಿದ್ದ ಮೈಫೇರ್ ಕ್ಲಾಸಿಕ್ ಚಿಪ್‌ನ ಗುಟ್ಟು 2008ರ ಹೊತ್ತಿಗೇ ಒಡೆದಿತ್ತು. ಹಾಗಿದ್ದೂ ಅದು ಅಷ್ಟು ವರ್ಷ ಬಾಗಿಲುಗಳ ಮೇಲೆ ಉಳಿದಿತ್ತು.

ಹಾಗಾಗಿ ಈಗ ಬೀಗ ತೋರಿಸಲು ಯಾರೇ ಬಂದರೂ ನಾನು ಮೂರು ಪ್ರಶ್ನೆ ಕೇಳುತ್ತೇನೆ. ಕಾರ್ಡ್ ಒಳಗಿನ ಚಿಪ್ ಯಾವುದು? ಮುಂದೆ ದೋಷ ಸಿಕ್ಕರೆ ಬೀಗದ ಸಾಫ್ಟ್‌ವೇರ್ ಬದಲಿಸುವವರು ಯಾರು, ಎಷ್ಟು ವರ್ಷದವರೆಗೆ? ಒಳಗಿನಿಂದ ಹಾಕಿದ ಡೆಡ್‌ಬೋಲ್ಟ್, ಅಂದರೆ ಬೀಗದ ಗಟ್ಟಿ ಅಗುಳಿ, ಕೂಡ ಕಾರ್ಡ್‌ನಿಂದ ತೆರೆಯುತ್ತದಾ? ಮೂರನೆಯದು ಕುರ್ಚಿ ಕಲಿಸಿದ ಪ್ರಶ್ನೆ. ಅನ್‌ಸ್ಯಾಫ್ಲಾಕ್ ಸುದ್ದಿಯಲ್ಲಿ ನಕಲಿ ಕಾರ್ಡ್‌ಗೆ ಡೆಡ್‌ಬೋಲ್ಟ್ ಕೂಡ ತೆರೆದುಕೊಳ್ಳುತ್ತಿತ್ತು. ಯಾವ ಕಾರ್ಡ್‌ಗೂ ಬಗ್ಗದ, ತನ್ನ ಕೈಯಾರೆ ಹಾಕಿಕೊಳ್ಳುವ ಒಂದು ಅಡ್ಡ ಬೇಕು ಎಂದು ಅತಿಥಿಗೆ ಅನ್ನಿಸುವುದು ಸರಿಯಾಗೇ ಇದೆ. ನಮ್ಮ ಬಾಗಿಲುಗಳಲ್ಲಿ ಅಂಥ ಲಾಚ್ ಇತ್ತು. ಆದರೆ ಅದರ ಸ್ಕ್ರೂಗಳು ಗಿಡ್ಡ, ಹಿಡಿದು ಅಲ್ಲಾಡಿಸಿದರೆ ಅಲ್ಲಾಡುತ್ತಿತ್ತು. ಗಟ್ಟಿ ಲಾಚ್ ತಂದು, ಉದ್ದದ ಸ್ಕ್ರೂ ಹಾಕಿ, ಚೌಕಟ್ಟಿನ ಒಳಗಿನ ಗಟ್ಟಿ ಭಾಗಕ್ಕೇ ಕೂರಿಸಿದೆವು. ಒಳಗೆ ಯಾರಾದರೂ ಕುಸಿದು ಬಿದ್ದರೆ ತೆರೆಯಲು ಒಂದು ಉಪಕರಣ ಬೇಕು. ಅದು ಡ್ಯೂಟಿ ಮ್ಯಾನೇಜರ್ ಬಳಿ ಮಾತ್ರ. ತೆಗೆದವರು ಪುಸ್ತಕದಲ್ಲಿ ಸಹಿ ಹಾಕಬೇಕು.

ಇದೇ ಸಮಯದಲ್ಲಿ ಮಾಸ್ಟರ್ ಕಾರ್ಡ್‌ಗಳನ್ನೂ ಎಣಿಸಿದೆವು. ಕೆಲಸ ಬಿಟ್ಟು ಹೋದವರ ಹೆಸರಿನ ಕಾರ್ಡ್‌ಗಳು ಇನ್ನೂ ಚಾಲ್ತಿಯಲ್ಲಿದ್ದವು. ಅದನ್ನು ನೋಡಿದ ದಿನ ನನಗೆ ನಿಜಕ್ಕೂ ನಾಚಿಕೆಯಾಯಿತು. ಯಾರೋ ನಮ್ಮನ್ನು ನಂಬಿ ಒಳಗೆ ಮಲಗಿರುತ್ತಾರೆ. ಈಗ ಕೊನೆಯ ದಿನದ ಲೆಕ್ಕ ಚುಕ್ತಾ ಆಗುವ ಮುಂಚೆ ಕಾರ್ಡ್ ರದ್ದಾಗಬೇಕು. ಫ್ರಂಟ್ ಆಫೀಸ್‌ನಲ್ಲಿ ರೂಮ್ ನಂಬರ್ ಗಟ್ಟಿಯಾಗಿ ಹೇಳುವುದನ್ನೂ ನಿಲ್ಲಿಸಿದೆವು, ಕಾರ್ಡ್ ಕವರ್ ಮೇಲೆ ಬರೆದು ಕೊಡುತ್ತೇವೆ. ಕಾರ್ಡ್ ಕಳೆದುಹೋಯಿತು ಎಂದು ಬಂದವರಿಗೆ ಗುರುತು ನೋಡದೆ ಹೊಸದು ಕೊಡುವುದಿಲ್ಲ.

ರೂಮ್ ಸೇಫ್‌ಗಳ ಕಥೆ ಚಿಕ್ಕದು. ಕೆಲವನ್ನು ಗೋಡೆಗೆ ಬೋಲ್ಟ್ ಮಾಡಿರಲಿಲ್ಲ, ಕೆಲವಕ್ಕೆ ಕಾರ್ಖಾನೆಯಿಂದ ಬಂದ ಮಾಸ್ಟರ್ ಕೋಡ್ ಹಾಗೇ ಇತ್ತು. ಎರಡನ್ನೂ ಒಂದೇ ವಾರದಲ್ಲಿ ಸರಿ ಮಾಡಿದೆವು.

ನೋಟ್‌ಬುಕ್‌ನಲ್ಲಿ ಇನ್ನೂ ಬೇಕಾದಷ್ಟಿತ್ತು. ಬಟ್ಟೆ ನೇತುಹಾಕುವ ಹ್ಯಾಂಗರ್‌ನ ಕ್ಲಿಪ್‌ನಿಂದ ಪರದೆಯ ಎರಡು ಅಂಚು ಸೇರಿಸಿ ಹಿಡಿದಿದ್ದಾರೆ. ಬಾಗಿಲ ಕೆಳಗಿನ ಸಂದಿಗೆ ಟವೆಲ್ ಸುರುಳಿ ಸುತ್ತಿ ಇಟ್ಟಿದ್ದಾರೆ. ಟಿವಿಯ ಕೆಂಪು ದೀಪದ ಮೇಲೆ ಕಾಗದ ಅಂಟಿಸಿದ್ದಾರೆ. ಪರದೆಗೆ ಪರಿಹಾರ ಸುಲಭ. ಎರಡು ಪರದೆ ಒಂದರ ಮೇಲೊಂದು ಒಂದು ಗೇಣು ಬರುವಂತೆ ಹಳಿ ಬದಲಿಸಿದೆವು. ಬಾಗಿಲ ಸಂದಿಗೆ ಅವಸರ ಮಾಡಲಿಲ್ಲ. ನಿದ್ದೆಗೆ ಮಲಗುವ ಕೋಣೆಯಲ್ಲಿ ಶಬ್ದ 30 ಡೆಸಿಬೆಲ್ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹೇಳಿದೆ. ಅದು ಪಿಸುಮಾತಿನಷ್ಟು. ಹಾಗಂತ ಸಂದಿ ಸುಮ್ನೆ ಮುಚ್ಚುವ ಹಾಗಿಲ್ಲ. ಕೆಲವು ಕಟ್ಟಡಗಳಲ್ಲಿ ಬಾತ್‌ರೂಮಿನ ಫ್ಯಾನ್ ಎಳೆಯುವ ಗಾಳಿ ಅಲ್ಲಿಂದಲೇ ಬರುತ್ತದೆ. ಅದನ್ನು ಪರೀಕ್ಷಿಸಿ, ಬಾಗಿಲು ಮುಚ್ಚಿದಾಗ ಮಾತ್ರ ಕೆಳಗಿಳಿಯುವ, ಬೆಂಕಿಗೂ ತಾಳುವ ಸೀಲ್ ಹಾಕಿಸಿದೆವು.

ಒಂದು ಸಾಲು ಓದಿ ಮಾತ್ರ ಎದೆ ಧಸಕ್ಕೆಂದಿತು. ಹೊಗೆ ಪತ್ತೆ ಮಾಡುವ ಸ್ಮೋಕ್ ಡಿಟೆಕ್ಟರ್‌ಗೆ ಪ್ಲಾಸ್ಟಿಕ್ ಕವರ್ ಕಟ್ಟಿದ್ದರಂತೆ. ಮಿನುಗುವ ದೀಪ ನಿದ್ದೆ ಕೆಡಿಸುತ್ತಿತ್ತೋ, ಒಳಗೆ ಕ್ಯಾಮೆರಾ ಇರಬಹುದು ಎಂಬ ಅನುಮಾನವೋ ಗೊತ್ತಿಲ್ಲ. ಎರಡಕ್ಕೂ ಪರಿಹಾರ ಬೇಕಿತ್ತು. ನಮ್ಮ ಫೈರ್ ಅಲಾರ್ಮ್ ಪ್ಯಾನೆಲ್‌ನಲ್ಲಿ ಆ ಮಿನುಗನ್ನು ನಿಲ್ಲಿಸುವ ಸೌಲಭ್ಯ ಇತ್ತು, ಡಿಟೆಕ್ಟರ್ ಕೆಲಸ ಹಾಗೇ ನಡೆಯುತ್ತದೆ. ಜೊತೆಗೆ ಚಾವಣಿಯಲ್ಲಿ ಕಾಣುವ ಪ್ರತಿ ವಸ್ತು ಏನು ಎಂದು ಚಿತ್ರ ಸಮೇತ ಒಂದು ಕಾರ್ಡ್ ಮಾಡಿ ಮೇಜಿನ ಮೇಲಿಟ್ಟೆವು.

ಕರೆಂಟ್ ಉಳಿಸಲು ಬಾಗಿಲ ಪಕ್ಕ ಕಾರ್ಡ್ ಸಿಕ್ಕಿಸುವ ಸ್ವಿಚ್ ಇರುತ್ತದಲ್ಲ, ಅದರಲ್ಲಿ ಬೇರೆ ಯಾವುದೋ ಕಾರ್ಡ್ ಸಿಕ್ಕಿಸಿ ಹೊರಗೆ ಹೋಗುತ್ತಿದ್ದರು. ಕರೆಂಟ್ ಪೋಲು ಮಾಡುತ್ತಾರೆ ಎಂದು ಬೈದುಕೊಳ್ಳುತ್ತಿದ್ದೆವು. ಒಬ್ಬ ಅತಿಥಿ ಕಾರಣ ಹೇಳಿದರು. ಫ್ರಿಜ್‌ನಲ್ಲಿ ಅವರ ಇನ್ಸುಲಿನ್ ಇತ್ತು, ಕಾರ್ಡ್ ತೆಗೆದರೆ ಫ್ರಿಜ್ ಆಫ್. ಬಳಸದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ನಮ್ಮ ಚಿಕ್ಕ ಫ್ರಿಜ್‌ಗಳಲ್ಲಿ ಥರ್ಮಾಮೀಟರ್ ಇಟ್ಟು ನೋಡಿದೆವು. ಕರೆಂಟ್ ಇದ್ದಾಗಲೂ ಕೆಲವು ಅಷ್ಟು ತಣ್ಣಗಾಗುತ್ತಿರಲಿಲ್ಲ. ಈಗ ಫ್ರಿಜ್‌ಗೂ ಹಾಸಿಗೆ ಪಕ್ಕದ ಒಂದು ಸಾಕೆಟ್‌ಗೂ ಬೇರೆ ಲೈನ್ ಇದೆ. ಔಷಧಿ ತಂದವರಿಗೆ ಉಷ್ಣತೆ ದಿನಾ ಬರೆದಿಡುವ ಒಂದು ಬೇರೆ ಫ್ರಿಜ್ ಇದೆ ಎಂದು ಚೆಕ್‌ಇನ್ ಆಗುವಾಗಲೇ ಹೇಳುತ್ತೇವೆ.

ನೋಟ್‌ಬುಕ್‌ಗೆ ಸಿಗದ ವಿಷಯಗಳೂ ಇವೆ. ನೀರಿನಲ್ಲಿ ಏನಿದೆ ಎಂದು ಅತಿಥಿಗೆ ಕಾಣುವುದಿಲ್ಲ. 1976ರಲ್ಲಿ ಫಿಲಡೆಲ್ಫಿಯಾದ ಒಂದು ಹೋಟೆಲ್‌ನಲ್ಲಿ ಸಮಾವೇಶಕ್ಕೆ ಬಂದವರು ಕಾಯಿಲೆ ಬಿದ್ದು ಸತ್ತ ಮೇಲೆಯೇ ಲೀಜನೆಲ್ಲಾ ಬ್ಯಾಕ್ಟೀರಿಯಾ ಜಗತ್ತಿಗೆ ಗೊತ್ತಾದದ್ದು. ಅದು 20ರಿಂದ 45 ಡಿಗ್ರಿಯ, ನಿಂತ ನೀರಿನಲ್ಲಿ ಬೆಳೆಯುತ್ತದೆ. ಅದಕ್ಕೇ ಟ್ಯಾಂಕ್‌ನಲ್ಲಿ ನೀರು 60 ಡಿಗ್ರಿಯಲ್ಲಿ ಇಡುತ್ತೇವೆ, ಮೈ ಸುಡದಂತೆ ಶವರ್ ಹತ್ತಿರ ಬೆರೆಸುವ ವಾಲ್ವ್ ಇದೆ, ಖಾಲಿ ರೂಮ್‌ಗಳ ನಲ್ಲಿಗಳನ್ನು ವಾರಕ್ಕೊಮ್ಮೆ ತೆರೆದು ಬಿಡುತ್ತೇವೆ.

ಹೊಸ ಪಟ್ಟಿ ನೋಡಿ ನಮ್ಮ ಜನರಲ್ ಮ್ಯಾನೇಜರ್ ಬೇಜಾರಾದರು. "ಫೋಟೋದಲ್ಲಿ ಕಾಣುವಂಥದ್ದು ಇದರಲ್ಲಿ ಒಂದೂ ಇಲ್ಲವಲ್ಲ" ಅಂದರು. ಅವರ ಮಾತೂ ಸುಳ್ಳಲ್ಲ, ರೂಮು ಮಾರಬೇಕಾದವರು ಅವರೇ. ಇನ್ನೂ ಕೆಲಸ ಮುಟ್ಟದ ಒಂದು ರೂಮಿನಲ್ಲಿ ಒಂದು ರಾತ್ರಿ ಮಲಗಿ ನೋಡಿ ಸರ್, ಅಂತ ಕೇಳಿಕೊಂಡೆ. ಬೆಳಿಗ್ಗೆ ಕೆಳಗಿಳಿದು ಬಂದವರು ಮೊದಲು ಕೇಳಿದ್ದು, "ಪರದೆ ಹಳಿ ಯಾವಾಗ ಬರುತ್ತೆ?" ದೊಡ್ಡ ಟಿವಿ ಪಟ್ಟಿಯಿಂದ ಹೋಯಿತು.

ಅಕ್ಕ ಈಗ ಸೂಪರ್‌ವೈಸರ್. ನೋಟ್‌ಬುಕ್‌ಗಳು ಇನ್ನೂ ಟ್ರಾಲಿಗಳಲ್ಲಿವೆ. ಕುರ್ಚಿಯ ಸಾಲು ಈಗ ಅಪರೂಪಕ್ಕೆ ಬರುತ್ತದೆ. ಈ ತಿಂಗಳು ಮತ್ತೆ ಮತ್ತೆ ಬಂದಿರುವುದು ಬೇರೊಂದು: ಬಾತ್‌ರೂಮ್ ಲೈಟ್ ಹಾಕಿ, ಬಾಗಿಲು ಸ್ವಲ್ಪ ತೆರೆದು, ಸಂದಿಗೆ ಚಪ್ಪಲಿ ಇಟ್ಟು ಮಲಗಿದ್ದಾರೆ. ರಾತ್ರಿ ಎದ್ದರೆ ದಾರಿ ಕಾಣಲಿ ಅಂತ. ಮಂಚದ ಕೆಳಗೆ, ಕಾಲು ಕೆಳಗಿಟ್ಟರೆ ಮಾತ್ರ ಹತ್ತುವ ಮಂದ ದೀಪವೊಂದನ್ನು ಒಂದು ರೂಮಿನಲ್ಲಿ ನಿನ್ನೆ ಹಾಕಿಸಿದ್ದೇನೆ. ಇವತ್ತು ರಾತ್ರಿ ಅಲ್ಲಿ ನಾನೇ ಮಲಗಿ ನೋಡುತ್ತೇನೆ.